ಗುಡಿಸದೆ ಬಿಟ್ಟ ಎಲೆಗಳು

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಎರಡು ವಸತಿ ಕಟ್ಟಡಗಳ ನಡುವಿನ ಪುಟ್ಟ ಕಾಡಿಗೆ ಗೇಟು ತಳ್ಳಿಕೊಂಡು ಬರುವ ಹೆಂಗಸು ತಲೆಗೆ ಬಟ್ಟೆ ಬಿಗಿದು, ಪೊರಕೆಯ ಬುಡವನ್ನು ನೆಲಕ್ಕೆ ಎರಡು ಸಲ ಕುಟ್ಟುತ್ತಾರೆ. ಗುಡಿಸುವುದು ಕಾಲುದಾರಿಯನ್ನು ಮಾತ್ರ. ದಾರಿಯ ಅಂಚಿಗೆ ಬಂದೊಡನೆ ಪೊರಕೆ ನಿಲ್ಲುತ್ತದೆ. ಆಚೆಗೆ ಪಾದ ಮುಳುಗುವಷ್ಟು ತರಗೆಲೆ.

ಒಂಬತ್ತು ವರ್ಷದ ಹಿಂದೆ ಬಡಾವಣೆಯವರು ಖಾಲಿ ಜಾಗದಲ್ಲಿ ನೆಟ್ಟ ಆರುನೂರು ಗಿಡಗಳನ್ನು ನೋಡಿಕೊಳ್ಳುವವರು ಇವರೊಬ್ಬರೇ. ಎಲ್ಲರ ಬಾಯಲ್ಲೂ ‘ಪೊರಕೆ ಅಕ್ಕ’. ಆ ಹೆಸರಿಗೆ ಈಚೆಗೆ ಒಂದಿಷ್ಟು ಕುಹಕವೂ ಸೇರಿಕೊಂಡಿದೆ. ಗುಡಿಸಲೆಂದು ಇಟ್ಟುಕೊಂಡವರು ಗುಡಿಸುವುದಿಲ್ಲವಲ್ಲ!

“ಮೊದಲ ಮೂರು ವರ್ಷ ಒಂದೆಲೆ ಉಳಿಯೋಕೆ ಬಿಡ್ಲಿಲ್ಲ. ನಮ್ಮನೆ ಅಡುಗೆಕೋಣೆ ಥರ ಇಟ್ಟಿದ್ದೆ. ಎಲ್ಲರೂ ಭೇಷ್ ಅಂದ್ರು, ನಾನೂ ಉಬ್ಬಿಹೋದೆ” ಎನ್ನುತ್ತಾರೆ ಅಕ್ಕ. ದಿನಕ್ಕೆ ಒಂದೆರಡು ಚೀಲ ಎಲೆ ಕಸದ ಲಾರಿ ಸೇರುತ್ತಿತ್ತು. ಎಷ್ಟು ನೀರುಣಿಸಿದರೂ ಗಿಡಗಳು ಸೊರಗುತ್ತಿದ್ದವು. ಬಂದ ಹಕ್ಕಿಗಳು ಏನೂ ಸಿಗದೆ ಹಾರಿಹೋಗುತ್ತಿದ್ದವು.

ಒಂದು ದಿನ ಲಾರಿ ಬರಲಿಲ್ಲ. ಮರುದಿನ ನೋಡಿದರೆ, ಬಾಯಿ ಕಟ್ಟಿಟ್ಟ ಚೀಲದೊಳಗೆ ಏನೋ ಮಿಸುಕುತ್ತಿದೆ. ಇಲಿಯಿರಬೇಕೆಂದು ಕೋಲು ಹಿಡಿದೇ ಬಿಚ್ಚಿದರು. ರೆಕ್ಕೆ ಬಿಡಿಸಲು ಜಾಗವಿಲ್ಲದೆ ಮುದುಡಿಹೋದ ಹಳದಿ ಚಿಟ್ಟೆ! ಒಣ ಎಲೆಯಂತೆಯೇ ಕಾಣುವ ಅದರ ಗೂಡನ್ನು ಎಲೆಯ ಜೊತೆ ಬಾಚಿ ತುಂಬಿದ್ದು ಇವರೇ.

“ಅವತ್ತು ಊಟ ಸೇರ್ಲಿಲ್ಲ. ಅದುವರೆಗೆ ಕಳಿಸಿದ ಚೀಲಗಳಲ್ಲಿ ಇನ್ನೇನೇನಿತ್ತೋ ಅಂತ ಯೋಚಿಸೋಕೂ ಧೈರ್ಯ ಬರ್ಲಿಲ್ಲ.”

ಅಂದಿನಿಂದ ಎಲೆ ಬಿದ್ದಲ್ಲೇ ಕೊಳೆಯುತ್ತದೆ. ಅಕ್ಕ ಒಂದು ಹಿಡಿ ಮಣ್ಣೆತ್ತಿ ನನ್ನ ಮೂಗಿಗೆ ಹಿಡಿಯುತ್ತಾರೆ. ತಂಪು, ಘಮ, ಬೆರಳ ಸಂದಿಯಲ್ಲಿ ಎರೆಹುಳ. ಪಕ್ಕದ ಶಾಲೆಯ ಟೀಚರ್ ಇಲ್ಲಿ ನಲವತ್ತೊಂದು ಬಗೆಯ ಚಿಟ್ಟೆ ಗುರುತಿಸಿದ್ದಾರಂತೆ. “ನಂಗೆ ಹೆಸರೆಲ್ಲ ಬರಲ್ಲ. ಹುಳ ಇದ್ರೆ ಹಕ್ಕಿ ಬರತ್ತೆ, ಅಷ್ಟು ಗೊತ್ತು.”

ಹಾಗೆಂದು ಇವರಿಗೆ ಶುಚಿಯ ಹುಚ್ಚು ಬಿಟ್ಟಿಲ್ಲ. ಬೆಳಗಿನ ಚಹಾ ತಂದ ಸೊಸೆ ನಗುತ್ತಾರೆ: “ಮನೇಲಿ ಒಂದು ಕೂದಲು ಬಿದ್ರೆ ಅತ್ತೆ ರಂಪ ಮಾಡ್ತಾರೆ. ಇಲ್ಲಿ ಮಾತ್ರ ಎಲ್ಲಿಲ್ಲದ ತಾಳ್ಮೆ!” ಅತ್ತೆಯೂ ನಗುತ್ತಾರೆ. ಆದರೆ ದಾರಿಯ ಅಂಚಿನಲ್ಲಿ ಪೊರಕೆ ತಡೆದು ನಿಲ್ಲಿಸುವಾಗ ಇವತ್ತಿಗೂ ಕೈ ಕಡಿಯುತ್ತದಂತೆ.

ಈ ತಾಳ್ಮೆಗೇ ಈಗ ಕುತ್ತು ಬಂದಿದೆ. ಕಾಡು ಕೊಳಕಾಗಿದೆ, ಹಾವು ಬಂದೀತು ಎಂದು ಬಡಾವಣೆಯ ಸಂಘಕ್ಕೆ ದೂರುಗಳು ಹೋಗಿವೆ. ಎಲೆ ಊದಿ ತೆಗೆಯುವ ಯಂತ್ರ ತರಿಸಿ ಅಕ್ಕನನ್ನು ಕೆಲಸದಿಂದ ಬಿಡಿಸುವುದೋ ಬೇಡವೋ ಎಂದು ಭಾನುವಾರದ ಸಭೆ ತೀರ್ಮಾನಿಸಲಿದೆ. ಭಯವಿಲ್ಲವೇ ಎಂದು ಕೇಳುತ್ತೇನೆ.

“ಇಲ್ಲ ಅಂದ್ರೆ ಸುಳ್ಳಾಗತ್ತೆ. ಈ ವಯಸ್ಸಲ್ಲಿ ನಂಗೆ ಬೇರೆ ಕೆಲಸ ಯಾರು ಕೊಡ್ತಾರೆ?” ಅಕ್ಕ ಸ್ವಲ್ಪ ಹೊತ್ತು ಪೊರಕೆಯ ಕಡ್ಡಿಗಳನ್ನು ಸರಿಮಾಡುತ್ತಾರೆ.

ಸಂಘದ ಕಾರ್ಯದರ್ಶಿಯವರಲ್ಲಿ ಇವರು ಕೇಳಿಕೊಂಡಿರುವುದು ಒಂದೇ: ಸಭೆ ಇಲ್ಲೇ ನಡೆಯಲಿ. ಅವರು ನಕ್ಕರಂತೆ, ಆದರೂ ಒಪ್ಪಿದ್ದಾರೆ.

“ಚಾಪೆ ನಾನೇ ಹಾಸ್ತೀನಿ. ಮಾತಿಗೆ ಮೊದಲು ಕಾಲು ಗಂಟೆ ಸುಮ್ನೆ ಕೂತಿರ್ಲಿ, ಅಷ್ಟೇ. ಆಮೇಲೂ ಇದು ಕಸ ಅಂತ ಅನ್ನಿಸಿದ್ರೆ, ಪೊರಕೆ ನಾನೇ ಅವರ ಕೈಗೆ ಕೊಟ್ಟು ಹೋಗ್ತೀನಿ.”