ಮೈಕಿಲ್ಲದೆ ಕೇಳಿದ ಮಾಫಿ

ಒಬ್ಬ ಆಟಗಾರನ ಬಗ್ಗೆ ನಾನು ಮೈಕಿನಲ್ಲಿ ಸುಳ್ಳು ಹೇಳಿದೆ. ಸುಳ್ಳೆಂದು ಗೊತ್ತಿದ್ದೇ ಹೇಳಿದೆ. ಆಮೇಲೆ, ಗೊತ್ತಿರಲಿಲ್ಲ ಎಂದು ಇನ್ನೊಂದು ಸುಳ್ಳು ಹೇಳಿ ಪಾರಾದೆ. ಇಡೀ ವ್ಯವಹಾರದಲ್ಲಿ ನನಗೆ ಬಿದ್ದ ಖರ್ಚು ಐದು ಮಂದಿಯ ಚಹಾ, ಎಲೆ ಅಡಿಕೆ. ಇಷ್ಟಕ್ಕೇ ಮುಗಿಯಿತಲ್ಲ ಎಂದು ಆ ದಿನ ಒಳಗೊಳಗೇ ಹಿಗ್ಗಿದ್ದೆ. ಅವನಿಗೆ ಬಿದ್ದ ಖರ್ಚು — ಅದನ್ನು ಬರೆಯಲೆಂದೇ ಕೂತಿದ್ದೇನೆ. ಎಷ್ಟೆಂದು ನನಗೆ ಇನ್ನೂ ತಿಳಿದಿಲ್ಲ.

ಐವತ್ತರ ದಶಕದ ಮಾತು. ನಾನು ರೋಣದ ಪೇಟೆಯಲ್ಲಿ ದಲಾಲ. ಕಡಲೆ ಚೀಲ ಹೊರುವ ಹಮಾಲಿಯಿಂದ ಸುರು ಮಾಡಿ, ಯಾರ ಆಸರೆಯೂ ಇಲ್ಲದೆ ಗಾದಿಗೆ ಏರಿದವನು. ಮಾತೇ ನನ್ನ ಬಂಡವಾಳ. ಮದುವೆಗೆ, ಸಭೆಗೆ ಬಾಡಿಗೆ ಕೊಡಲೆಂದು ಒಂದು ಮೈಕ್ ಸೆಟ್ಟು ತಂದಿದ್ದೆ. ಸುತ್ತ ಹತ್ತಾರು ಊರಿಗೆ ಅದೊಂದೇ. ಆಟಗಳಿದ್ದರೆ ಬಾಡಿಗೆ ಬೇಡ, ಆದರೆ ಮಾತಾಡುವವನು ನಾನೇ — ಇದು ನನ್ನ ಕರಾರು. ಜನ ನಗಬೇಕು. ಇವತ್ತು ನನ್ನ ಮಾತಿಗೆ ನಕ್ಕ ರೈತ ನಾಳೆ ನನ್ನ ಅಂಗಡಿ ಮುಂದೆಯೇ ಗಾಡಿ ಬಿಡುತ್ತಾನೆ. ಆ ಲೆಕ್ಕ ಎಂದೂ ತಪ್ಪಿರಲಿಲ್ಲ.

ಆ ವರ್ಷ ಗಣರಾಜ್ಯದ ದಿನ ಸಾಲಿ ಬಯಲಿನಲ್ಲಿ ಹುತುತು, ಅಂದರೆ ಕಬಡ್ಡಿ, ಪಂದ್ಯ. ಕಡೆಯ ಆಟ ರೋಣಕ್ಕೂ ಮೆಣಸಗಿಗೂ. ಮೆಣಸಗಿ ಎನ್ನುವುದು ನಾನು ಸುಮ್ಮನೆ ಹಿಡಿದುಕೊಂಡ ಊರು; ಹೊಳೆದಂಡೆಗೆ ಬೇರೆ ಊರುಗಳೂ ಇವೆ. ಆ ತಂಡದ ಹುಡುಗನನ್ನು ಬಸಪ್ಪ ಎನ್ನುತ್ತೇನೆ, ಅದೂ ಅವನ ಹೆಸರಲ್ಲ. ಯಾಕೆ ಮರೆಸುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಅವನ ತಂದೆ — ಅವನನ್ನೂ ನಿಂಗಪ್ಪ ಎಂದಿಟ್ಟುಕೊಳ್ಳಿ — ನನ್ನ ಅಂಗಡಿಗೆ ಜೋಳ ತರುತ್ತಿದ್ದ. ಮಲಪ್ರಭೆ ಊರೊಳಗೆ ನುಗ್ಗಿದ ವರ್ಷ, ನೀರು ಇಳಿದ ಮೇಲೆ ಬಂದು ಗಾದಿಯ ಅಂಚಿಗೆ ಕೂತು, ಬಸಪ್ಪನ ಬಗ್ಗೆ, ಹೊಳೆಪಾಲಾದ ಅವನ ತಮ್ಮನ ಬಗ್ಗೆ ಹೇಳಿದ್ದ:

“ಸಣ್ಣಾವನ ಕೈ ಇವಾ ಬಿಡಲೇ ಇಲ್ಲರಿ ಸಾವ್ಕಾರ. ಗಿಡದ ಟೊಂಗಿ ಹಿಡಕೊಂಡು ಇಬ್ರೂ ನಿಂತಿದ್ರು. ಟೊಂಗಿ ಮುರೀತು. ಇವಾ ದಂಡಿಗೆ ಸಿಕ್ಕಾಗ ಎಚ್ಚರ ಇರಲಿಲ್ಲ. ಸಣ್ಣಾವನ ಅಂಗಿ ತೋಳು ಇವನ ಮುಷ್ಟ್ಯಾಗ ಹಂಗ ಇತ್ತು. ಬಿಡಸಾಕ ಇಬ್ರು ಬೇಕಾದ್ರು ನೋಡ್ರಿ.”

ಕೇಳಿ ನಾನೂ ಕಣ್ಣೊರೆಸಿಕೊಂಡಿದ್ದೆ. ಅಂದರೆ — ನನಗೆ ಗೊತ್ತಿತ್ತು.

ಹುತುತು ನೋಡಿದವರಿಗೆ ತಿಳಿದದ್ದೇ: ಎದುರಿನವನು ನುಗ್ಗಿ ಬಂದಾಗ ತಡೆಯುವವರು ಕೈ ಕೈ ಹಿಡಿದು ನಿಲ್ಲುತ್ತಾರೆ. ರೋಣದ ದಾಂಡಿಗನೊಬ್ಬ ನುಗ್ಗಿದ. ಬಸಪ್ಪನೂ ಅವನ ಜೋಡಿಯೂ ಅಡ್ಡ ನಿಂತರು. ಆ ಹೊಡೆತಕ್ಕೆ ಕೈ ಜಾರಿತು, ಜೋಡಿ ಔಟಾದ. ಬಯಲೆಲ್ಲ ಕೇಕೆ. ಆ ಕೇಕೆ ನನ್ನದಾಗಬೇಕು ಅನ್ನಿಸಿತೋ ಏನೋ, ಮೈಕಿನಲ್ಲಿ ಅಂದುಬಿಟ್ಟೆ —

“ಕೈ ಬಿಟ್ಟಾ ನೋಡ್ರೀ! ಅವಗೇನ ಹೊಸಾದ್ರೀ? ಹೊಳ್ಯಾಗ ಸ್ವಂತ ತಮ್ಮನ ಕೈ ಬಿಟ್ಟು ಬಂದಾವ, ಗೆಳ್ಯಾನ ಕೈ ಹಿಡೀತಾನ?”

ಜನ ನಕ್ಕರು. ಎರಡು ಹಾರ್ನಿನಿಂದ ಹೋದ ಮಾತು, ಬಯಲಿನ ಆಚೆ ಬಸ್ಸಿಗೆ ಕಾಯುತ್ತ ನಿಂತವರೂ ನಕ್ಕರು. ಬಸಪ್ಪ ನನ್ನ ಕಡೆ ನೋಡಲಿಲ್ಲ. ಗಳಕ್ಕೆ ಕಟ್ಟಿದ ಹಾರ್ನಿನ ಕಡೆ ತಲೆ ಎತ್ತಿ ನೋಡಿದ, ಮಾತಾಡಿದ್ದು ಅದೇ ಎಂಬಂತೆ. ಆಮೇಲೆ ಉಳಿದ ಆಟವನ್ನು ಪೂರಾ ಆಡಿದ. ಇಬ್ಬರನ್ನು ಔಟೂ ಮಾಡಿದ. ಒಂದು ಕಲ್ಲು ಬೀಸಿದ್ದರೆ, ಬೈದಿದ್ದರೆ, ಆಟ ಬಿಟ್ಟು ನಡೆದಿದ್ದರೆ ನನಗೆ ಏನಾದರೂ ತಿಳಿಯುತ್ತಿತ್ತು.

ತಿಳಿಯದಂತೆ ಮಾಡಿದ್ದು ನಮ್ಮ ಊರಿನವರೂ ಹೌದು. ಗೆದ್ದ ರೋಣದ ಹುಡುಗರು ಬಹುಮಾನದ ಢಾಲು ಮುಟ್ಟಲಿಲ್ಲ. ಕಟ್ಟೆಯ ಮೇಲೆ ಅದನ್ನು ಹಾಗೆಯೇ ಬಿಟ್ಟು ಮನೆಗೆ ಹೋದರು. ಬೆಳಿಗ್ಗೆ ಹಾರ್ನಿಗೆ ಯಾರೋ ಹರಕು ಚಪ್ಪಲಿ ಜೋತು ಹಾಕಿದ್ದರು. ಚಹದಂಗಡಿಗೆ ಹೋದರೆ ಅಂಗಡಿಯವನು, “ಹೊಟ್ಟಿ ಹುಣ್ಣಾಗೂ ಹಂಗ ನಗಿಸಿದ್ರಿ ದಲಾಲ್ರ,” ಎಂದು ಬಿಸಿ ಚಹಾ ತಂದಿಟ್ಟ. ಅದೇ ಬಾಕಿನ ಮೇಲೆ ಕೂತಿದ್ದ ಸಾಲಿ ಮಾಸ್ತರರು ಎದ್ದು ನಿಂತರು.

“ನಿಮ್ಮ ನಾಲಿಗಿಗೆ ಬೆಂಕಿ ಹಚ್ಚಬೇಕ್ರಿ.”

“ನಿನ್ನೆ ನೀವೂ ನಕ್ಕಿದ್ರಲ್ರಿ ಮಾಸ್ತರ?”

“ನಕ್ಕೆ. ಅದಕ್ಕ ಸಿಟ್ಟು ಬಂದೈತಿ.”

ಓಣಿಯ ಹುಡುಗರು ಯಾರ ಕೈಯಿಂದ ಏನು ಬಿದ್ದರೂ “ಮೆಣಸಗಿ! ಮೆಣಸಗಿ!” ಎಂದು ಕೂಗತೊಡಗಿದರು. ಆ ಹುಡುಗರನ್ನು ಬೈದು ಅಟ್ಟಿದ ಮುದುಕನೇ ಸಂಜೆ ಕಟ್ಟೆಯ ಮೇಲೆ ಕೂತು ನನ್ನ ಮಾತನ್ನು ನನ್ನ ದನಿಯಲ್ಲೇ ಆಡಿ ತೋರಿಸಿದ. ನರಗುಂದದಿಂದ ಒಬ್ಬ ವ್ಯಾಪಾರಿ ಆಳು ಕಳಿಸಿದ್ದ: ಅವರ ಊರಿನ ಆಟಕ್ಕೂ ನಾನೇ ಬರಬೇಕಂತೆ, ‘ಹಿಂಗ ಮಾತಾಡವರು’ ಬೇಕಂತೆ. ನಾನು ತಪ್ಪು ಮಾಡಿದೆನೋ, ಹೆಸರು ಮಾಡಿದೆನೋ — ಪೇಟೆಯ ದರವಾಗಿದ್ದರೆ ಹೇಳುತ್ತಿದ್ದೆ, ಇದರ ಏರಿಳಿತ ನನ್ನ ಬುದ್ಧಿಗೆ ಹತ್ತಲಿಲ್ಲ.

ಆ ವಾರದೊಳಗೇ ನಿಂಗಪ್ಪ ನಾಲ್ವರು ಹಿರಿಯರೊಂದಿಗೆ ಅಂಗಡಿಗೆ ಬಂದ. ಅವನು ಕಂಬಕ್ಕೆ ಒರಗಿ ಕೂತ. ಮಾತಾಡಿದವರು ಎಲ್ಲರಿಗಿಂತ ಹಿರಿಯರು.

“ಹುಡುಗಗ ಗಜೇಂದ್ರಗಡದಾಗ ಹೆಣ್ಣು ಗೊತ್ತಾಗಿತ್ತರಿ. ಆಗೂ ಅಳಿಯ ಹ್ಯಾಂಗ ಆಡತಾನ ನೋಡೂಣಂತ ಬೀಗರು ಬಂದು ಬಯಲಾಗ ನಿಂತಿದ್ರು. ಈಗ, ತಮ್ಮನ್ನ ಬಿಟ್ಟಾವ ನಾಳಿ ನಮ್ಮ ಮಗಳನ್ನ ಬಿಡೂದಿಲ್ಲಂತ ಏನ ಖಾತ್ರಿ ಅಂತಾರ. ಭಾಳೇನೂ ಬ್ಯಾಡ್ರಿ. ಸಂತಿ ದಿನಾ ಅದ ಮೈಕಿನ್ಯಾಗ, ಹುಡುಗ ಕೈ ಬಿಟ್ಟಿಲ್ಲ, ನಾ ಅಂದದ್ದು ಖೊಟ್ಟಿ ಅಂತ ಒಂದ ಮಾತು ಹೇಳ್ರಿ.”

ಒಂದು ಮಾತು. ಅದನ್ನು ಹೇಳಬಲ್ಲವನು ನಾನೊಬ್ಬನೇ; ನನ್ನ ಬಾಯಿಂದ ಬಂದದ್ದು ನನ್ನ ಬಾಯಿಂದಲೇ ಹೋಗಬೇಕಿತ್ತು. ನಾನು ಏನು ಮಾಡಿದೆ? ಚೌಕಾಸಿಗೆ ಕೂತೆ. ಮೈಕು ಕೆಟ್ಟಿದೆ ಎಂದೆ. ಸಂತೆಯಲ್ಲಿ ಮತ್ತೆ ಎತ್ತಿದರೆ ಮತ್ತೆ ನಗುತ್ತಾರೆ, ನಿಮಗೇ ಅವಮಾನ ಎಂದೆ. ಅವರು ಇಳಿದರು: ಮೈಕು ಬೇಡ, ಗಜೇಂದ್ರಗಡಕ್ಕೆ ಬಂದು ಬೀಗರ ಮುಂದೆ ಹೇಳಿ. ಸುಗ್ಗಿಯ ಸಮಯ, ಅಂಗಡಿ ಬಿಡುವಂತಿಲ್ಲ ಎಂದೆ. ಇನ್ನೂ ಇಳಿದರು. ಕಡೆಗೆ — ಇಲ್ಲೇ, ಈಗಲೇ, ನಿಮ್ಮೈವರ ಮುಂದೆ ಕೈ ಮುಗಿಯುತ್ತೇನೆ ಎಂಬಲ್ಲಿಗೆ ತಂದು ನಿಲ್ಲಿಸಿದೆ. ನಮ್ಮಲ್ಲಿ ದಲಾಲರು ಹೆಗಲ ಮೇಲಿನ ವಲ್ಲಿ ಬಟ್ಟೆಯ ಕೆಳಗೆ ಬೆರಳು ಹಿಡಿದು ದರ ಮಾಡುತ್ತಾರಲ್ಲ, ಬೇರೆ ಯಾರಿಗೂ ತಿಳಿಯದಂತೆ — ಹಾಗೆ ನಾನು ಮಾಫಿ ಕೇಳಿದೆ.

“ನನಗ ಗೊತ್ತಿರಲಿಲ್ಲರಿ. ಆಟದ ಭರದಾಗ ಬಾಯಿ ತಪ್ಪಿ ಬಂತು. ಮಾಫ ಮಾಡ್ರಿ.”

ನಿಂಗಪ್ಪ ತಲೆ ಎತ್ತಿದ. ಯಾವ ಗಾದಿಯ ಅಂಚಿಗೆ ಕೂತು ಅತ್ತಿದ್ದನೋ ಅದೇ ಗಾದಿ ಅವನ ಎದುರಿಗಿತ್ತು. ‘ನಾನೇ ನಿಮಗ ಹೇಳಿದ್ದೆನಲ್ರಿ’ ಎಂದು ಅವನು ಅಂದಿದ್ದರೆ ಮುಗಿಯಿತು, ನಾನು ಪೇಟೆಯಲ್ಲಿ ಮುಖ ಎತ್ತುವಂತಿರಲಿಲ್ಲ. ಅವನು ಚಹದ ಬಸಿ ಕೆಳಗಿಟ್ಟ.

“ಆತು ಬಿಡ್ರಿ. ಸಾವ್ಕಾರ್ರು ಗೊತ್ತಿರಲಿಲ್ಲ ಅಂತಾರಲ್ಲ.”

ಯಾಕೆ ಹಾಗೆಂದ? ನನ್ನ ಮಾನ ಕಾಯಲಿಕ್ಕೋ, ನನ್ನನ್ನು ಇನ್ನು ಮನುಷ್ಯರಲ್ಲಿ ಎಣಿಸುವುದೇ ಬೇಡವೆಂದೋ, ಮಗನ ಕತೆಯನ್ನು ನನ್ನೆದುರು ಮತ್ತೊಮ್ಮೆ ತೆಗೆಯಲಾರದೆಯೋ — ಎಷ್ಟು ತಿರುವಿ ಹಾಕಿದರೂ ಗೊತ್ತಾಗಲಿಲ್ಲ.

ಗಜೇಂದ್ರಗಡದ ಸಂಬಂಧ ಮುರಿಯಿತು. ಬಸಪ್ಪ ಹುತುತು ಅಂಕಣಕ್ಕೆ ಮತ್ತೆ ಇಳಿಯಲಿಲ್ಲವೆಂದು ಕೇಳಿದೆ. ಆದರೆ ಮುಂದಿನ ಸುಗ್ಗಿಗೆ ನಿಂಗಪ್ಪನ ಗಾಡಿ ಎಂದಿನಂತೆ ನನ್ನ ಅಂಗಡಿ ಮುಂದೆಯೇ ನಿಂತಿತು. ಅವನಿಗೆ ಲಾಭವಾಗಲೆಂದು ತಕ್ಕಡಿಯನ್ನು ತುಸು ಅವನ ಕಡೆಗೆ ಹಿಡಿದೆ. ಅವನು ನೋಡಿ, “ಸರೀ ತೂಗ್ರಿ,” ಎಂದ. ಅಷ್ಟೇ.

ವರ್ಷಗಳು ಹೋದವು. ನಿಂಗಪ್ಪ ತೀರಿಕೊಂಡ. ಸಾಯುವಾಗ ಅವನು ಏನಾದರೂ ಅಂದನೋ ಎಂಬುದೊಂದೇ ನನ್ನನ್ನು ಕೊರೆಯುತ್ತಿತ್ತು. ಒಂದು ದಿನ ಬಸ್ಸು ಹತ್ತಿ, ಉಳಿದ ದಾರಿ ನಡೆದು, ಬಸಪ್ಪನ ಹೊಲಕ್ಕೆ ಹೋದೆ. ಅವನಿಗೆ ಬೇರೆ ಕಡೆ ಮದುವೆಯಾಗಿತ್ತು, ಒಬ್ಬಳು ಮಗಳಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ನನಗೆ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಬರುವ ಸಂತೆಯ ದಿನ ಮೈಕು ಹಚ್ಚಿ ಊರಿಗೆಲ್ಲ ಸಾರುತ್ತೇನೆ ಎಂದೆ.

“ನಿಮಗ ಗೊತ್ತಿತ್ತು ಅನ್ನೂದು ನನಗ ಅವತ್ತ ಗೊತ್ತಾತ್ರಿ. ಅಪ್ಪ ಹೇಳಿದ್ದ.”

“ಮತ್ತ ನೀ ಯಾಕ ಬಂದು ಕೇಳಲಿಲ್ಲೋ ಮಾರಾಯಾ?”

ಅವನು ಕುಂಟೆಗೆ ಸಿಕ್ಕಿದ್ದ ಕಸ ಬಿಡಿಸಿ ಬದುವಿಗೆ ಒಗೆದು ಹೇಳಿದ:

“ಈಗ ಸಾರಬ್ಯಾಡ್ರಿ. ಆವಾಗ ಬೇಕಾಗಿತ್ತು. ನನ್ನ ಮಗಳಿಗೆ ಈ ಸುದ್ದಿ ಗೊತ್ತಿಲ್ಲ. ನೀವು ನನ್ನ ಪರವಾಗೇ ಹೇಳಿದ್ರೂ, ಮಂದಿಗೆ ನೆನಪಾಗೂದು ಕೈ ಬಿಟ್ಟಾ ಅನ್ನೂದ ಒಂದ. ಬಿಸಲಾಗೇತಿ, ನೀರು ಕುಡೀತೀರೇನ್ರಿ?”

ಕುಡಿದೆ. ಮಾಫಿ ಸಿಕ್ಕಿತೋ, ಬಂದವರಿಗೆ ಕೊಡುವ ನೀರಷ್ಟೇ ಸಿಕ್ಕಿತೋ, ತಿಳಿಯದೆ ಹಿಂದಿರುಗಿದೆ. ಹೆಸರು, ಊರು ಮರೆಸಿದ್ದು ಇದಕ್ಕೇ. ಇದನ್ನು ಬರೆದದ್ದು ಸರಿಯೋ ತಪ್ಪೋ, ಅದೂ ಗೊತ್ತಿಲ್ಲ.

ಸಲಹೆ ಕೊಡುವುದು ನನ್ನ ಹಳೆಯ ಚಟ, ಇಲ್ಲಿಯೂ ಬಿಡಲಾರೆ. ನಿಮ್ಮ ಬಾಯಿಂದ ಒಬ್ಬರಿಗೆ ಕೇಡಾಗಿದ್ದರೆ ಆ ವಾರವೇ ಎದ್ದು ಹೋಗಿ. ನಡುವೆ ಯಾರನ್ನೂ ಹಾಕಿಕೊಳ್ಳಬೇಡಿ, ದಲಾಲನಾಗಿಯೇ ಹೇಳುತ್ತಿದ್ದೇನೆ. ಏನು ಮಾಡಲಿ ಎಂದು ಅವರನ್ನೇ ಕೇಳಿ. ಅವರು ಹೇಳಿದ್ದರಲ್ಲಿ ಒಂದು ಚೂರೂ ಇಳಿಸಲು ಹೋಗಬೇಡಿ — ಅವರು ಇಳಿಯುತ್ತಾರೆ, ನೊಂದವರು ಲಗೂ ಇಳಿಯುತ್ತಾರೆ. ಎಷ್ಟು ಮಂದಿಯ ಮುಂದೆ ಆಡಿದ್ದೀರೋ ಅಷ್ಟೂ ಮಂದಿಯ ಮುಂದೆ ನಿಂತು ಹೇಳಿ. ಹೇಳುವಾಗ ‘ಗೊತ್ತಿರಲಿಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ತಡೆಯಿರಿ. ಗೊತ್ತಿದ್ದರೆ, ಗೊತ್ತಿತ್ತು ಎಂದೇ ಹೇಳಿ.