ಮಾವನಿಗೆ ಹಾಕದ ಎಲೆ

ನಮ್ಮಲ್ಲಿ ಆಟಿ ತಿಂಗಳಲ್ಲಿ, ಜುಲೈ ಆಗಸ್ಟಿನ ಜೋರು ಮಳೆಯ ಹೊತ್ತಿಗೆ, ಸತ್ತವರಿಗೆ ಬಡಿಸುವ ಕ್ರಮವಿದೆ. ಮನೆಯಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಬಾಳೆಲೆ. ಅದರಲ್ಲಿ ಅನ್ನ, ಕೋಳಿ ಪದಾರ್ಥ, ನೀರುದೋಸೆ, ಅವರವರು ಇಷ್ಟಪಡುತ್ತಿದ್ದದ್ದು. ದೀಪ ಹಚ್ಚಿ, ಬಂದು ಉಣ್ಣಿ ಎಂದು ಕರೆದು, ಬಾಗಿಲು ಎಳೆದುಕೊಂಡು ನಾವೆಲ್ಲ ಹೊರಗೆ ನಿಲ್ಲುತ್ತೇವೆ. ಸ್ವಲ್ಪ ಹೊತ್ತು ಕಳೆದು ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಉಣ್ಣುತ್ತಿರುವವರ ಮೇಲೆ ಹಾಗೇ ನುಗ್ಗುವುದು ಮರ್ಯಾದೆಯಲ್ಲ. ನಾನು ವಿಲೇಜ್ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವಳು, ಕಾಗದದಲ್ಲಿ ಇಲ್ಲದ್ದನ್ನು ನಂಬುವ ಜಾಯಮಾನದವಳಲ್ಲ. ಆದರೂ ಕೆಮ್ಮಿಯೇ ಬಾಗಿಲು ತೆರೆಯುತ್ತೇನೆ.

ಈ ಎಲೆಗಳ ಸಾಲಿನಲ್ಲಿ ಅಜ್ಜಿಯ ಎಲೆಗೂ ದೊಡ್ಡಮ್ಮನ ಎಲೆಗೂ ನಡುವೆ ಒಂದು ಎಲೆಯಷ್ಟು ಜಾಗವನ್ನು ಖಾಲಿ ಬಿಡುತ್ತಿದ್ದರು. ಯಾಕೆ ಎಂದು ಕೇಳುವಂತಿರಲಿಲ್ಲ. ಸಣ್ಣವಳಿದ್ದಾಗ ಒಮ್ಮೆ ನಾನು ಆ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಿದ್ದೆ. ಅಮ್ಮ ನನ್ನನ್ನು ರಟ್ಟೆ ಹಿಡಿದು ಎಬ್ಬಿಸಿ ಕೆನ್ನೆಗೆ ಬಾರಿಸಿದಳು. ಅದಕ್ಕೆ ಮೊದಲೂ ಆಮೇಲೂ ಅವಳು ನನಗೆ ಹೊಡೆದವಳಲ್ಲ. ಹೊಡೆದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಅಡುಗೆಮನೆಗೆ ಹೋಗಿ ಅತ್ತಳು, ನನಗಿಂತ ಹೆಚ್ಚು.

ಹಳೆಯ ಮನೆ ಈಗಿಲ್ಲ. ಹೆದ್ದಾರಿಯನ್ನು ಅಗಲ ಮಾಡುವಾಗ ಅದು ಹೋಯಿತು. ಉಪ್ಪಳದ ಒಳರಸ್ತೆಯಲ್ಲಿ ನಾವು ಕಟ್ಟಿಸಿಕೊಂಡ ತಾರಸಿ ಮನೆಗೆ ಹೊಳೆಯುವ ಟೈಲ್ಸ್. ಅಲ್ಲಿ ಮೊದಲ ಆಟಿಗೆ ಎಲೆ ಹಾಕುವಾಗಲೂ ಅಮ್ಮ ಬಗ್ಗಿ, ಗೇಣು ಹಾಕಿ ಅಳೆದು, ಒಂದೂವರೆ ಟೈಲ್ಸಿನಷ್ಟು ನೆಲವನ್ನು ಖಾಲಿ ಬಿಟ್ಟಳು. ಮನೆ ಬದಲಾದರೂ ಆ ಜಾಗ ನಮ್ಮ ಹಿಂದೆಯೇ ನಡೆದು ಬಂದಿತ್ತು. ನನಗೆ ನಿಜವಾಗಿ ಹೆದರಿಕೆಯಾದದ್ದು ಆವತ್ತು.

ನಾಲ್ಕು ವರ್ಷಗಳ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದಾಗ ಎಲ್ಲ ಹೇಳಿದಳು. ಎಂಬತ್ತು ದಾಟಿದ ಮೇಲೆ, ಇನ್ನು ಹೇಳದಿದ್ದರೆ ತನ್ನ ಜೊತೆಗೇ ಹೋಗುತ್ತದೆ ಎನ್ನಿಸಿರಬೇಕು. ಅದು ಅವಳ ಅಣ್ಣನ, ಅಂದರೆ ನಾನು ನೋಡದ ನನ್ನ ಸೋದರಮಾವನ ಜಾಗ.

ಎರಡನೇ ಮಹಾಯುದ್ಧದ ಕಾಲದಲ್ಲಿ ಮೊಗ್ರಾಲ್ ಕಡೆಯ ನಾಲ್ಕೈದು ಜನ ಬಂಗಾಳದಲ್ಲಿ ವಿಮಾನ ಇಳಿಯುವ ಮೈದಾನ ಮಾಡುವ ಕೆಲಸಕ್ಕೆ ಹೊರಟಾಗ ಮಾವನೂ ಹೊರಟನಂತೆ. ಅವನಿಗೆ ಇಪ್ಪತ್ತು, ಅಮ್ಮನಿಗೆ ಆರು. ಕುಂಬಳೆ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗಲೂ ಅವನ ತಲೆಯಲ್ಲಿ ಮುಟ್ಟಾಳೆ. ಅದು ಅಡಿಕೆ ಹಾಳೆಯಲ್ಲಿ ಮಾಡುವ, ಗದ್ದೆಕೆಲಸದವರು ಹಾಕುವ ಟೊಪ್ಪಿ. ಅದನ್ನು ಬಿಟ್ಟು ಹೋಗು, ಪರವೂರಲ್ಲಿ ನಗುತ್ತಾರೆ ಎಂದು ಅಜ್ಜಿ ಹೇಳಿದರೂ ಅವನು ತೆಗೆಯಲಿಲ್ಲ. ತಾನು ಗಂಜಿ ಉಣ್ಣುವ ಕಂಚಿನ ಬಟ್ಟಲನ್ನು ತಂಗಿಯ ಕೈಗೆ ಕೊಟ್ಟು, ತಾನು ಬರುವವರೆಗೆ ಬೇರೆ ಯಾರಿಗೂ ಕೊಡಬಾರದು ಎಂದನಂತೆ.

ಆಮೇಲೆ ಒಂದು ವರ್ಷ ಕಾಗದವಿಲ್ಲ, ಸುದ್ದಿಯಿಲ್ಲ. ಜೊತೆಗೆ ಹೋದವರಲ್ಲಿ ಇಬ್ಬರು ಜ್ವರ ಬಂದು ಮರಳಿದರು. ಮಾವ ಎಲ್ಲಿದ್ದಾನೆಂದು ಅವರಿಗೂ ಗೊತ್ತಿರಲಿಲ್ಲ. ಅಜ್ಜಿ ಬದಿಯಡ್ಕದ ಕಡೆ ಪ್ರಶ್ನೆ ನೋಡುವವರೊಬ್ಬರಲ್ಲಿಗೆ ಹೋದಳು. ಅವರು ಕವಡೆ ಹಾಕಿ, ನಿನ್ನ ಮಗ ಹಸಿದುಕೊಂಡು ಅಂಗಳದ ಹೊರಗೆ ನಿಂತಿದ್ದಾನೆ, ಈ ಆಟಿಗೆ ಅವನಿಗೂ ಎಲೆ ಹಾಕು ಎಂದರು. ಅಜ್ಜಿ ಎಲೆ ಹಾಕಿದಳು. ಹೊಸದಾಗಿ ಸತ್ತವರನ್ನು ಮೊದಲ ಸಲ ಹೆಸರು ಹಿಡಿದು ಕರೆಯಬೇಕು. ಅಜ್ಜಿಗೆ ಮಗನನ್ನು ಹಾಗೆ ಕರೆಯಲಾಗಲಿಲ್ಲ. ಏಳು ವರ್ಷದ ಅಮ್ಮನನ್ನು ಮುಂದೆ ತಳ್ಳಿ, ನೀನು ಕರೆ, ನಿನ್ನ ದನಿಯೆಂದರೆ ಅವನು ಬರುತ್ತಾನೆ ಎಂದಳು. ಅಮ್ಮ ಗಟ್ಟಿಯಾಗಿ, ಗದ್ದೆಯಿಂದ ಊಟಕ್ಕೆ ಕರೆಯುವ ಹಾಗೆ ಮೂರು ಸಲ ಕರೆದಳು.

ಆ ವಾರವೇ ಮಾವನ ಕಾಗದ ಬಂತು.

ಅವನ ಪರವಾಗಿ ಯಾರೋ ಅಮೆರಿಕದ ಸೈನಿಕ ಇಂಗ್ಲಿಷಿನಲ್ಲಿ ಬರೆದಿದ್ದ. ಶಾಲೆಯ ಮಾಸ್ತರರು ಓದಿ ಹೇಳಿದರು. ಜಲ್ಲಿ ಒಡೆಯುವ ಕೆಲಸ ಮುಗಿಯಿತು, ಈ ತಿಂಗಳಿಂದ ಬಿಳಿಯರ ಅಡುಗೆಮನೆಗೆ ಸೇರಿದ್ದೇನೆ, ಹೊಟ್ಟೆ ತುಂಬ ಊಟವಿದೆ, ಯುದ್ಧ ಮುಗಿದ ಕೂಡಲೇ ಬರುತ್ತೇನೆ, ತಂಗಿ ಬಟ್ಟಲನ್ನು ಜೋಪಾನವಾಗಿ ಇಟ್ಟಿದ್ದಾಳೆಯೇ. ಬರೆದದ್ದು ಪಗ್ಗು ತಿಂಗಳಲ್ಲಿ, ಮಳೆಗಾಲಕ್ಕೆ ಮೊದಲು. ಬಂದು ತಲುಪಿದ್ದು ಆಟಿಯಲ್ಲಿ. ಬದುಕಿರುವವನಿಗೆ ಎಲೆ ಹಾಕಿದರೆ ಅವನನ್ನು ಸತ್ತವರ ಪಂಕ್ತಿಗೆ ಕರೆದ ಹಾಗೆ. ಅಜ್ಜಿ ಮೂರು ದಿನ ನೀರು ಮುಟ್ಟಲಿಲ್ಲ. ಆಮೇಲೆ ಇನ್ನೊಂದು ಕಾಗದ ಬರಲಿಲ್ಲ, ಮಾವನೂ ಬರಲಿಲ್ಲ. ಗೊತ್ತಾಗುವವರೆಗೆ ಅವನಿಗೆ ಎಲೆ ಹಾಕಕೂಡದು, ಅವನ ಜಾಗವನ್ನು ಬೇರೆಯವರಿಗೆ ಕೊಡಲೂಬಾರದು ಎಂದು ಹೇಳಿಯೇ ಅಜ್ಜಿ ಸತ್ತಳು.

ಅಮ್ಮನಿಗೆ ಬೇಕಾಗಿದ್ದದ್ದು ಒಂದೇ ಸಂಗತಿ. ತಾನು ಕರೆದ ದಿನ ಅಣ್ಣ ಇದ್ದನೇ, ಅಥವಾ ಅದಕ್ಕೆ ಮೊದಲೇ ಹೋಗಿದ್ದನೇ.

"ಮೊದಲೇ ಹೋಗಿದ್ರೆ ನಾನು ಕರೆದದ್ದು ತಪ್ಪಲ್ಲ. ಅಷ್ಟು ನೋಡಿ ಹೇಳು. ನೀನು ಎಷ್ಟು ಜನರ ಕಾಗದ ನೋಡಿದವಳು" ಎಂದಳು.

ನಾನು ನೋಡಿದೆ. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ತಿಳಿಯುವ ಕಾನೂನು ನನಗೆ ಬಾಯಿಪಾಠವಿತ್ತು, ಆದರೆ ಕುಲೆಗಳಿಗೆ, ಎಲೆಗೆ ಬರುವ ಸತ್ತವರಿಗೆ, ಆ ಕಾನೂನು ತಲುಪಿಲ್ಲ. ಅಮ್ಮ ಕಾದಿಟ್ಟಿದ್ದ ಮಾವನ ಕಾಗದದ ತಲೆಯಲ್ಲಿ ಅಮೆರಿಕದ ಸೇನೆಯ ಒಂದು ಅಂಚೆ ಸಂಖ್ಯೆ ಇತ್ತು. ಅದನ್ನು ಫೋನಿನಲ್ಲಿ ಹಾಕಿ ಹುಡುಕಿದಾಗ ಬಂಗಾಳದ ಒಂದು ವಿಮಾನನೆಲೆಯ ಹೆಸರು ಸಿಕ್ಕಿತು. ಅಲ್ಲಿದ್ದ ಬಾಂಬರ್ ವಿಮಾನಗಳ ತುಕಡಿ ಯಾವುದೆಂದು ಅದರಿಂದ ತಿಳಿಯಿತು. ಆ ತುಕಡಿಯವರೇ ಟೈಪ್ ಮಾಡಿಟ್ಟ ಯುದ್ಧದ ಚರಿತ್ರೆಯನ್ನು ಅವರ ಮಕ್ಕಳು ಮೊಮ್ಮಕ್ಕಳು ಇಂಟರ್ನೆಟ್ಟಿಗೆ ಹಾಕಿದ್ದರು. ನೂರಾರು ಪುಟ. ಉಪ್ಪಳದಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ, ಗಲ್ಫಿನಿಂದ ಮರಳಿದ ಬ್ಯಾರಿಯೊಬ್ಬರು ಅದನ್ನೆಲ್ಲ ನನಗೆ ಪ್ರಿಂಟ್ ತೆಗೆದು ಕೊಟ್ಟರು.

ಎರಡು ತಿಂಗಳು ಓದಿದೆ. ನನಗೆ ಬಂದ ಸಿಟ್ಟನ್ನು ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ. ಯಾವ ದಿನ ಎಷ್ಟು ವಿಮಾನ ಹಾರಿದವು, ಬರ್ಮಾದ ಯಾವ ಸೇತುವೆಗೆ ಎಷ್ಟು ಬಾಂಬು ಬಿತ್ತು, ಯಾರು ಮರಳಲಿಲ್ಲ, ಯಾರ ಊರು ಯಾವುದು, ಎಲ್ಲ ಅಚ್ಚುಕಟ್ಟು. ಬಿಯರ್ ತಡವಾಗಿ ಬಂದ ದಿನವೂ ಇದೆ. ಅವರು ಸಾಕಿದ ನಾಯಿಯೊಂದು ಸತ್ತದ್ದು, ಅದನ್ನು ರನ್‌ವೇಯ ಪಕ್ಕ ಹೂತು ಹಲಗೆ ನೆಟ್ಟದ್ದು, ಹಲಗೆಯಲ್ಲಿ ಬರೆದ ನಾಯಿಯ ಹೆಸರೂ ಇದೆ. ಆ ರನ್‌ವೇಗೆ ಜಲ್ಲಿ ಒಡೆದವರ ಹೆಸರು ಒಂದಾದರೂ ಇಲ್ಲ. ಅವರೆಲ್ಲ ಒಟ್ಟಿಗೆ ಸ್ಥಳೀಯರು. ಮೊಗ್ರಾಲಿನಿಂದ ನಾಲ್ಕು ದಿನ ರೈಲಿನಲ್ಲಿ ಹೋದವನೂ ಅವರಿಗೆ ಸ್ಥಳೀಯನೇ. ಸತ್ತ ಹುಡುಗರ ಪಟ್ಟಿಯನ್ನು ಓದುವಾಗ ಮಾತ್ರ ಸಿಟ್ಟು ಇಳಿಯುತ್ತಿತ್ತು. ಅವರಿಗೂ ಇಪ್ಪತ್ತು, ಇಪ್ಪತ್ತೊಂದು. ಬಾಂಬು ಬಿದ್ದ ಸೇತುವೆಗಳ ಆಸುಪಾಸಿನ ಊರುಗಳಲ್ಲಿ ಯಾರ ಯಾರ ಮನೆಯಲ್ಲಿ ಎಷ್ಟು ಜಾಗ ಖಾಲಿಯಾಯಿತೋ, ಅದನ್ನು ಯಾರೂ ಬರೆದಿರಲಿಲ್ಲ.

ಚಿತ್ರಗಳ ಪುಟವನ್ನು ಮೊದಲು ಸರಿಯಾಗಿ ನೋಡಿದವರು ಅಂಗಡಿಯವರು. ವಿಮಾನದ ಮುಂದೆ ಅಡುಗೆಯವರು, ದೋಬಿಗಳು ಸಾಲಾಗಿ ನಿಂತ ಚಿತ್ರ. ಅವರು ಬೆರಳಿಟ್ಟು ಕೇಳಿದರು: "ಅಕ್ಕ, ಇದು ನಮ್ಮ ಮುಟ್ಟಾಳೆ ಅಲ್ವಾ?"

ಹೌದಾಗಿತ್ತು. ಮೊಣಕಾಲವರೆಗೆ ಏಪ್ರನ್, ಕೈಯಲ್ಲಿ ದೊಡ್ಡ ಕೆಟಲ್, ತಲೆಯಲ್ಲಿ ಅಡಿಕೆ ಹಾಳೆಯ ಟೊಪ್ಪಿ. ಬಂಗಾಳದಲ್ಲಿ ಅದನ್ನು ಯಾರು ಹಾಕುತ್ತಾರೆ. ಮೂಗು ನನ್ನ ಅಮ್ಮನದೇ ಮೂಗು. ಅಂಗಡಿಯ ಬಾಗಿಲಲ್ಲಿ ಹೆದ್ದಾರಿಯ ಧೂಳು ಏಳುತ್ತಿತ್ತು, ನಾನು ಅವರು ಕೊಟ್ಟ ಸ್ಟೂಲಿನಲ್ಲಿ ಕುಳಿತುಕೊಂಡೆ.

ಅದಾಗಿ ಹತ್ತು ಪುಟಗಳ ನಂತರ ಉಳಿದದ್ದು ಸಿಕ್ಕಿತು. ಬಾಂಬುಗಳನ್ನು ವಿಮಾನಕ್ಕೆ ಏರಿಸುವಾಗ ಒಂದು ಸಿಡಿದು, ಅದರಿಂದ ಉಳಿದವೂ ಸಿಡಿದ ಸಂಗತಿ. ಸತ್ತ ಅಮೆರಿಕನ್ನರ ಹೆಸರುಗಳಿವೆ. ಆಮೇಲೆ, ಬಾಂಬು ಏರಿಸುವವರಿಗೆ ಕಾಫಿ ತೆಗೆದುಕೊಂಡು ಹೋಗಿದ್ದ, ಮರದ ತೊಗಟೆಯಂಥ ಟೊಪ್ಪಿಯ ಅಡುಗೆಯವನೂ ಅದರಲ್ಲಿ ಹೋದ, ಅವನ ಕಾಫಿ ಎಲ್ಲರಿಗೂ ಇಷ್ಟವಾಗಿತ್ತು ಎಂದು ಒಂದು ಸಾಲು. ತಾರೀಕು ಮಾವನ ಕಾಗದ ಬಂದ ವರ್ಷದ ಸೆಪ್ಟೆಂಬರಿನದು. ಆಟಿ ಕಳೆದು ಒಂದು ತಿಂಗಳಾಗಿತ್ತು.

ಅಮ್ಮ ಕರೆದಾಗ ಮಾವ ಇದ್ದ.

ಮೂವತ್ತು ವರ್ಷದಲ್ಲಿ ನಾನು ಒಂದು ಸರ್ಟಿಫಿಕೇಟಿನಲ್ಲೂ ತಾರೀಕು ತಿದ್ದಿದವಳಲ್ಲ. ಕಾಲಿಗೆ ಬಿದ್ದವರಿದ್ದಾರೆ, ಬೈದವರಿದ್ದಾರೆ, ಯಾರಿಗೂ ಸೊಪ್ಪು ಹಾಕಲಿಲ್ಲ. ಆ ದಿನ ಮನೆಗೆ ನಡೆದು ಬರುವಷ್ಟರಲ್ಲಿ ತಿದ್ದಿಬಿಟ್ಟೆ. ಮಾವ ತೀರಿಕೊಂಡದ್ದು ಬೇಶ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲೇ, ಕಾಗದ ಹಾಕಿ ಸ್ವಲ್ಪ ದಿನದಲ್ಲೇ ಎಂದು ಅಮ್ಮನಿಗೆ ಹೇಳಿದೆ. ಆ ಒಂದು ಸಾಲನ್ನು ಓದಿಯೂ ತೋರಿಸಿದೆ, ತಾರೀಕನ್ನು ಬಿಟ್ಟು. ಅಮ್ಮ ಕಣ್ಣು ಮುಚ್ಚಿ ಕೈಮುಗಿದಳು. ಎದೆಯ ಮೇಲಿನ ಕಲ್ಲು ಇಳಿದ ಹಾಗೆ ಉದ್ದಕ್ಕೆ ಉಸಿರು ಬಿಟ್ಟಳು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಸುಳ್ಳು ಸಲೀಸಾಗಿ ಹೋದ ಖುಷಿಯಲ್ಲಿ ಚಿತ್ರವನ್ನೂ ಅವಳ ಕೈಗೆ ಕೊಟ್ಟೆ.

ಅಂಗಡಿಯವರು ಅದನ್ನು ದೊಡ್ಡದು ಮಾಡಿ ಕೊಟ್ಟಿದ್ದರು. ಅಮ್ಮ ಕಿಟಕಿಯ ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದಳು. ಮೊದಲು ಮುಖವನ್ನು, ಆಮೇಲೆ ಮುಟ್ಟಾಳೆಯನ್ನು ಬೆರಳಿನಿಂದ ಸವರಿದಳು. ಆಮೇಲೆ ಬೆರಳು ವಿಮಾನದ ರೆಕ್ಕೆಯ ಕೆಳಗೆ, ಹಿಂದೆ ಕಾಣುವ ಗದ್ದೆಗೆ ಹೋಗಿ ನಿಂತಿತು. ನಾನು ಆ ಗದ್ದೆಯನ್ನು ನೋಡಿಯೇ ಇರಲಿಲ್ಲ. ಅಕ್ಷರ ಓದಿ ಬದುಕಿದವಳು ನಾನು. ಅಮ್ಮ ಅರುವತ್ತು ವರ್ಷ ಗದ್ದೆಗಿಳಿದು ಭತ್ತದ ನೇಜಿ ನೆಟ್ಟವಳು.

"ಪೈರು ನೋಡು. ತೆನೆ ಬಗ್ಗಿದೆ" ಎಂದಳು. "ಬುಡದಲ್ಲಿ ಮಳೆಗಾಲದ ನೀರು ಉಂಟು. ಬೇಶದಲ್ಲಿ ಎಲ್ಲಿಯ ತೆನೆ?"

ಬಂಗಾಳದ ಬೇಸಾಯ ಬೇರೆ, ಅಲ್ಲಿಯ ಹಂಗಾಮು ಬೇರೆ ಎಂದು ಏನೋ ತೊದಲಿದೆ. ಹಿಂದಿನ ವರ್ಷದ ಚಿತ್ರವಿರಬಹುದು ಎಂದೂ ಹೇಳಿದೆ. ಅಡುಗೆಗೆ ಸೇರಿದ್ದೇ ಆ ಪಗ್ಗುವಿನಲ್ಲಿ, ಅದಕ್ಕೆ ಮೊದಲು ಏಪ್ರನ್ ಎಲ್ಲಿಂದ ಬಂತು ಎಂದು ಕೇಳಿದಳು. ಆ ಕಾಗದ ಅವಳಿಗೆ ಏಳನೆಯ ವಯಸ್ಸಿನಿಂದ ಬಾಯಿಪಾಠ. ಆಮೇಲೆ ನನ್ನ ಮುಖ ನೋಡಿ, ನಿಜವಾಗಿ ಯಾವಾಗ ಎಂದಳು. ಆಟಿ ಕಳೆದು, ಸೋಣ ತಿಂಗಳಲ್ಲಿ ಎಂದೆ.

ಹೆದ್ದಾರಿ ಕೆಲಸದ ಯಂತ್ರ ಒಂದೇ ಸಮನೆ ಗುದ್ದುತ್ತಿತ್ತು. ಅದು ನಿಂತ ಮೇಲೆ ಅಮ್ಮ ಹೇಳಿದಳು: "ಹಾಗಾದ್ರೆ ನಾನು ಕರೆಯುವಾಗ ಅವನು ಇದ್ದ."

ನನಗೆ ತಡೆಯಲಾಗಲಿಲ್ಲ. ಕೊಂದದ್ದು ಬಾಂಬು, ನಿನ್ನ ಎಲೆಯಲ್ಲ, ಏಳು ವರ್ಷದ ಕೂಸು ಕರೆದದ್ದಕ್ಕೆ ಬಂಗಾಳದಲ್ಲಿ ಬಾಂಬು ಸಿಡಿಯುತ್ತದೆಯೇ ಎಂದು ರೇಗಿದೆ. ಅವಳು ತಲೆಯಾಡಿಸಿದಳು. ಅದೆಲ್ಲ ತನಗೂ ಗೊತ್ತು, ಆದರೆ ಕರೆದದ್ದು ತಾನೇ ಅಲ್ಲವೇ ಎಂದಳು. ಚಿತ್ರವನ್ನು ತಲೆದಿಂಬಿನ ಕೆಳಗೆ ಇಡುವ ಮೊದಲು ಇನ್ನೊಮ್ಮೆ ನೋಡಿ, ಆಟಿ ಕಳೆದ ಮೇಲೂ ನಗ್ತಾ ಇದ್ದಾನೆ ಎಂದು ತನಗೆ ತಾನೇ ಹೇಳಿಕೊಂಡಳು. ನಾನು ಸುಳ್ಳು ಹೇಳಿದ್ದಕ್ಕೆ ಒಂದು ಮಾತೂ ಆಡಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆ ವರ್ಷದ ಆಟಿಯಲ್ಲಿ, ಮುಸ್ಸಂಜೆಗೆ, ನಾನು ಎಲೆಗಳನ್ನು ಹಾಕಿದೆ. ಅಮ್ಮ ವಾಕರ್ ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಖಾಲಿ ಜಾಗಕ್ಕೆ ಬಂದಾಗ ನನ್ನ ಕೈ ತಾನಾಗಿಯೇ ದಾಟಿ ಹೋಯಿತು. ಅಲ್ಲಿಯೂ ಹಾಕು ಎಂದಳು. ಪೆಟ್ಟಿಗೆಯಿಂದ ಕಂಚಿನ ಬಟ್ಟಲು ತರಿಸಿ, ಹುಣಸೆಹುಳಿ ಹಚ್ಚಿ ನನ್ನಿಂದ ತಿಕ್ಕಿಸಿ, ಅದರಲ್ಲಿ ಬಿಸಿ ಗಂಜಿ ಬಡಿಸಿ ಎಲೆಯ ನಡುವೆ ಇಡಿಸಿದಳು. ಸಾಲು ತುಂಬಿತು. ನನ್ನ ಜೀವಮಾನದಲ್ಲಿ ಅದು ತುಂಬಿದ್ದನ್ನು ನೋಡಿದ್ದು ಅದೇ ಮೊದಲು.

ಹೆಸರು ಹಿಡಿದು ಕರೆಯಬೇಕಲ್ಲ. ನಾನು ಕರೆಯುತ್ತೇನೆ ಎಂದೆ. ಅವಳು ಬೇಡವೆಂದಳು. ಆದರೆ ಅವಳೂ ಕರೆಯಲಿಲ್ಲ. ದೀಪ ಹಚ್ಚಿ ನಾವು ಹೊರಗೆ ಬಂದೆವು, ಬಾಗಿಲು ಎಳೆದುಕೊಂಡೆವು. ಆಗ ಅಮ್ಮ ಬಾಗಿಲಿನ ಹತ್ತಿರ ಸರಿದು, ಹಣೆಯನ್ನು ಮರಕ್ಕೆ ತಾಗಿಸಿ, ಮೆಲ್ಲಗೆ ಮಾತಾಡಿದಳು. ಆಡಿದ್ದು ತುಳುವಿನಲ್ಲಿ.

"ಅಣ್ಣ, ಅವತ್ತು ಸ್ವಲ್ಪ ಬೇಗ ಕರೆದೆ. ಈಗ ಉಣ್ಣು."

ಮಳೆ ಬಿಟ್ಟಿತ್ತು. ಒಳಗಿನಿಂದ ಸದ್ದೇನೂ ಬರಲಿಲ್ಲ, ನಾನೇನೂ ನಿರೀಕ್ಷಿಸಿರಲಿಲ್ಲ. ಸಾಕಷ್ಟು ಹೊತ್ತಾದ ಮೇಲೆ ಕೆಮ್ಮಲು ಬಾಯಿ ತೆರೆದೆ. ಅಮ್ಮ ನನ್ನ ಕೈ ಹಿಡಿದು, ಇನ್ನೂ ಸ್ವಲ್ಪ ಹೊತ್ತು ಬಿಡು ಎಂದಳು.