ಕೋಯಕ್ಕನ ಕುರ್ಚಿ, ಆಮಿನಾಳ ಮಂಚ

ಇಂಬಿಚ್ಚಿಕೋಯರನ್ನು ನಾನು ಮೊದಲು ನೋಡಿದ್ದು ಕೋಯಿಕ್ಕೋಡಿನ ಕುಟ್ಟಿಚ್ಚಿರ ಕೇರಿಯಲ್ಲಿ, ಅವರ ಹೆಂಡತಿಯ ತರವಾಡಿನ, ಅಂದರೆ ತಾಯಿಕಡೆಯ ಹಿರಿಮನೆಯ, ಮಾಳಿಗೆಯಲ್ಲಿ. ಅವರ ಮಗಳಿಗೆ ಗಣಿತ ಹೇಳಿಕೊಡಲು ಹೋಗಿದ್ದೆ. ಮಧ್ಯಾಹ್ನ ಮೂರು ಗಂಟೆ. ಮೆಟ್ಟಿಲು ಹತ್ತುವಾಗ ಕೋಣೆಯೊಳಗಿಂದ ವಿಚಿತ್ರ ಸದ್ದೊಂದು ಗುಡುಗಿನಂತೆ ಶುರುವಾಗಿ, ಏರುತ್ತ ಏರುತ್ತ ಸೊಳ್ಳೆಯ ದನಿಯಾಗತೊಡಗಿತು. ನಾನು ಬಾಗಿಲು ತಟ್ಟಿದೆ.

"ಅಯ್ಯೋ ಮಾಷೇ, ಕೆಡಿಸಿಬಿಟ್ರಲ್ಲ! ಇನ್ನೊಂದ್ಸಲ ಅಳೀಬೇಕು. ಅಲ್ಲೇ ನಿಲ್ಲಿ, ಉಸಿರೂ ಬಿಡ್ಬೇಡಿ," ಎಂದಿತು ಒಳಗಿನ ದನಿ.

ಗೋಡೆಗೆ ತಾಗಿಸಿದ ಸ್ಪೀಕರುಗಳು. ಅವುಗಳ ಎದುರಿನ ಬೆತ್ತದ ಕುರ್ಚಿಯ ಬೆನ್ನಿಗೆ ಒಂದು ಕೋಲು, ಕೋಲಿನ ತುದಿಯಲ್ಲಿ, ಕೂತವರ ಕಿವಿಯ ಎತ್ತರಕ್ಕೆ, ಪುಟ್ಟ ಮೈಕು. ಮುಂಡು ಎತ್ತಿಕಟ್ಟಿದ ನರೆಗಡ್ಡದ ಮನುಷ್ಯ ಕಂಪ್ಯೂಟರಿನ ಮುಂದೆ ನಿಂತಲ್ಲಿ ನಿಲ್ಲಲಾರದೆ ಕಾಲು ಬದಲಿಸುತ್ತಿದ್ದರು. ಅವರೇ ಇಂಬಿಚ್ಚಿಕೋಯ; ಎಲ್ಲರ ಬಾಯಲ್ಲಿ ಕೋಯಕ್ಕ, ಅಂದರೆ ಕೋಯಣ್ಣ. ಕೋಣೆಯ ಗೋಡೆಗಳು ಕೆಲವು ಸ್ವರಗಳನ್ನು ಉಬ್ಬಿಸುತ್ತವೆ, ಕೆಲವನ್ನು ನುಂಗುತ್ತವೆ. ಅದನ್ನು ಆ ಏರುವ ಸದ್ದು ಹಾಕಿ ಮೈಕಿನಿಂದ ಅಳೆದು, ಒಂದೊಂದು ಸ್ವರವನ್ನೂ ಏರಿಸಿ ಇಳಿಸುವ ಡಿಜಿಟಲ್ ಈಕ್ವಲೈಸರಿನಿಂದ ಸರಿಮಾಡುವುದು ಅವರ ಹುಚ್ಚು.

ಅವರಿಗೆ ಬೇಕಿದ್ದದ್ದು ಒಂದೇ. ಹಿಂದೆ ಮದುವೆಮನೆಗಳಲ್ಲಿ ಹಾಡುತ್ತಿದ್ದ ಹೆಂಡತಿ ಆಮಿನಾ ತಮ್ಮ ಪಕ್ಕ ಕೂತು ಒಂದು ಹಾಡನ್ನಾದರೂ ಕೊನೆತನಕ ಕೇಳಬೇಕು. ಆಕೆ ಅರ್ಧಕ್ಕೇ ಎದ್ದುಹೋಗುತ್ತಿದ್ದಳು.

ಶುಕ್ರವಾರದ ಊಟ ಮುಗಿದರೆ ಮನೆಯವರೆಲ್ಲ ಹಾಡು ಕೇಳಲು ಆ ಕೋಣೆಯ ಮೂಲೆಯಲ್ಲಿ, ಮದುವೆಯಲ್ಲಿ ಹಾಕಿದ್ದ ಮಂಚದ ಮೇಲೆ ಸಾಲಾಗಿ ಕೂರುತ್ತಿದ್ದರು. ಕುರ್ಚಿ ಮಾತ್ರ ಕೋಯಕ್ಕನದು. ಹೆಂಡತಿಯ ಮನೆಯಲ್ಲೇ ಬಾಳುವ ಗಂಡಸು ಅಲ್ಲಿ ಮುದುಕನಾದರೂ ಪುದಿಯಾಪ್ಳ, ಹೊಸ ಮದುಮಗ. ಅವನ ಕುರ್ಚಿಯಲ್ಲಿ ಬೇರೆಯವರು ಕೂರುವುದಿಲ್ಲ, ಅವನ ತಪ್ಪನ್ನು ಅವನೆದುರು ಹೇಳುವುದಿಲ್ಲ.

"ಹೇಗಿದೆ ಬೀರಾನೇ?" ಎಂದು ಕೋಯಕ್ಕ ಕೇಳುತ್ತಿದ್ದರು.

"ಬಿರಿಯಾನಿ ತಿಂದ್ಹಾಗಿದೆ, ಭಾವಾ!" ಎಂದು ಆಮಿನಾಳ ತಮ್ಮ ಬೀರಾನ್ ಹೊಗಳುತ್ತಿದ್ದ. ಮರುವಾರ ಅವನೇ ಬರುತ್ತಿರಲಿಲ್ಲ. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ತಪ್ಪಿಸಿಕೊಂಡರು. ಕೋಯಕ್ಕ ಮತ್ತೆ ಅಳೆಯುವುದು, ಯಾವುದೋ ಸ್ವರವನ್ನು ಕೂದಲೆಳೆಯಷ್ಟು ತಗ್ಗಿಸುವುದು, ಕೂತು ಕೇಳುವುದು, ಎದ್ದು ಓಡಾಡುವುದು, ಪುನಃ ಅಳೆಯುವುದು. ವಲಿಯಂಗಾಡಿ ಪೇಟೆಯ ತಮ್ಮ ಅಂಗಡಿಯಲ್ಲಿ ಮೆಣಸು ತೂಗುವಾಗಲೂ ಅದೇ ಚಿಂತೆ. ಹನ್ನೊಂದು ತಿಂಗಳು ಹೀಗೇ ಕಳೆಯಿತು.

ಒಂದು ಶುಕ್ರವಾರ ಕುರ್ಚಿ ಬೆತ್ತ ಹೆಣೆಸಿಕೊಳ್ಳಲು ಹೋಗಿತ್ತು. ಕೋಯಕ್ಕ ಮಂಚದ ಮೂಲೆಯಲ್ಲಿ, ಆಮಿನಾಳ ಪಕ್ಕ ಕೂತು ಹಾಡು ಹಾಕಿದರು. ತಬಲ ತಬಲವಾಗಿರಲಿಲ್ಲ; ಖಾಲಿ ಡ್ರಮ್ಮು ಉರುಳಿಸಿದಂತೆ ಡುಂ ಡುಂ ಎಂದು ಎದೆಗೆ ಗುದ್ದುತ್ತಿತ್ತು. ಹಾಡುವವರ ಕಂಠ ಅದರಡಿ ಹೂತುಹೋಗಿತ್ತು.

"ಯಾ ಅಲ್ಲಾಹ್! ನೀವೆಲ್ಲ ಇಷ್ಟು ದಿನ ಇದನ್ನಾ ಕೇಳಿದ್ದು?"

"ಮತ್ತಿನ್ನೇನು?" ಎಂದಳು ಆಮಿನಾ.

"ಅವರು ಬಿಡು, ನೀನಾದ್ರೂ ಹೇಳ್ಬಾರ್ದಿತ್ತಾ?"

"ಹೇಳೋಕೆ ಎರಡ್ಸಲ ಬಂದೆ. ಮೈಕ್ ಹಾಕಿದೀನಿ, ಬಾಯಿ ಮುಚ್ಚು ಅಂದ್ರಿ!"

ಕೋಯಕ್ಕ ತಲೆ ತಗ್ಗಿಸಿದರು. ಅವರು ಕುರ್ಚಿಯಲ್ಲಿ ಕೂತ ತಮ್ಮ ಕಿವಿಗೆ ಮಾತ್ರ ಕೋಣೆಯನ್ನು ತಿದ್ದಿದ್ದರು; ಅದೇ ತಿದ್ದುಪಡಿ ಮೂಲೆಯ ಮಂಚದಲ್ಲಿ ದಪ್ಪ ಸ್ವರಗಳನ್ನು ಉಬ್ಬಿಸಿತ್ತು. ಮದುವೆ ಮಂಚವನ್ನು ಸರಿಸುವ ಪದ್ಧತಿ ಆ ಮನೆಯಲ್ಲಿಲ್ಲ. ಹಾಗಾಗಿ ಸ್ಪೀಕರುಗಳನ್ನೇ ಗೋಡೆಯಿಂದ ಮುಂದೆ ತಂದರು. ಮೈಕನ್ನು ಮಂಚದ ಏಳು ಕಡೆ ಇಟ್ಟು ಅಳೆದರು.

"ಇನ್ನೂ ದಪ್ಪ. ಇಳಿಸಿ," ಎನ್ನುತ್ತಿದ್ದಳು ಆಮಿನಾ. "ಹಾಂ, ಸಾಕು. ಅಯ್ಯೋ, ಸಾಕು ಅಂದ್ನಲ್ಲ!"

ಸಂಜೆಗೆ ಹಾಡು ಕೊನೆತನಕ ನಡೆಯಿತು. ಆಮಿನಾ ಏಳಲಿಲ್ಲ. ಕೋಯಕ್ಕನೇ ಖುಷಿಗೆ ಕೂರಲಾರದೆ ಬಾಗಿಲಿಗೂ ಕಿಟಕಿಗೂ ತಿರುಗುತ್ತಿದ್ದರು. ಹೊಸ ಬೆತ್ತದೊಂದಿಗೆ ಬಂದ ಕುರ್ಚಿಯಲ್ಲಿ ಈಗ ಹಾಡು ಸ್ವಲ್ಪ ತೆಳುವಾಗಿ ಕೇಳುತ್ತದೆ; ಅದನ್ನು ಅವರು ಹಾಗೇ ಬಿಟ್ಟಿದ್ದಾರೆ.

ಈಗ ಕೋಯಕ್ಕ ಬೆಳಗ್ಗೆ ಮೆಣಸಿನಂಗಡಿ ನೋಡಿಕೊಳ್ಳುತ್ತಾರೆ. ವಾರದಲ್ಲಿ ಎರಡು ಮಧ್ಯಾಹ್ನ ಮನೆಯವರು ಕೂರುವ ಕಡೆ ಕೂತು ಕೇಳಿ ಹೇಳಲೆಂದು ಆಮಿನಾಳನ್ನು ಕರೆದುಕೊಂಡು ಹೋಗಿ ಬೇರೆಯವರ ಮನೆಗಳಲ್ಲಿ ಕೋಣೆಯ ಸದ್ದು ಸರಿಮಾಡಿಕೊಡುತ್ತಾರೆ.